ಕೆರೆ ಏರಿ ಮೇಲೆ ಕಂಡದ್ದು



ಕಳೆದ ಶನಿವಾರ ಶಾಲೆ ಬಿಟ್ಟ ಮೇಲೆ ವಿಜ್ಞಾನದ ಮೇಷ್ಟ್ರು ನಮ್ಮ ತರಗತಿಯವರನ್ನು ಕೆರೆ ಏರಿಗೆ ಹೊರಸಂಚಾರಕ್ಕೆ ಕರೆದುಕೊಂಡು ಹೋದರು. “ದಿನಾ ಓಡಾಡೋ ದಾರಿ, ಅಲ್ಲಿ ನೋಡೋಕೆ ಏನಿದೆ ಸಾರ್?” ಅಂತ ಕೇಳಿದೆವು. “ಓಡಾಡ್ತೀರಿ, ನೋಡೋದಿಲ್ಲ. ಅದಕ್ಕೇ ಹೋಗೋದು” ಅಂದರು. ಅಲ್ಲಿ ಕಂಡ ಮೂರು ಸಂಗತಿ ಬರೆಯುತ್ತೇನೆ. ಮೂರನೆಯದರಲ್ಲಿ ನನ್ನ ತಪ್ಪೂ ಇದೆ.

1. ಮುಟ್ಟಿದರೆ ಮುನಿ

ಏರಿ ಹತ್ತುವ ಕಡೆ ಈ ಗಿಡ ಬೇಕಾದಷ್ಟಿದೆ. ಮುಟ್ಟಿದರೆ ಎಲೆ ಮುಚ್ಚಿಕೊಳ್ಳುತ್ತದೆ. ಅದು ನಾಚಿಕೆಯಿಂದ ಅಲ್ಲ. ಎಲೆಯ ಬುಡದಲ್ಲಿ ಸಣ್ಣ ಉಬ್ಬು ಇದೆ. ಅದರ ಜೀವಕೋಶಗಳಲ್ಲಿ ನೀರು ತುಂಬಿರುವ ತನಕ ಎಲೆ ಬಿಚ್ಚಿಕೊಂಡಿರುತ್ತದೆ. ಮುಟ್ಟಿದಾಗ ಒಂದು ಬದಿಯ ಕೋಶಗಳಿಂದ ನೀರು ಹೊರಗೆ ಹೋಗುತ್ತದೆ, ಎಲೆ ಮಡಚಿಕೊಳ್ಳುತ್ತದೆ. ಮೇಷ್ಟ್ರು “ಈಗ ಸುಮ್ಮನೆ ಕೂತ್ಕೊಳ್ಳಿ” ಅಂದರು. ಸ್ವಲ್ಪ ಹೊತ್ತಿಗೆ ಎಲೆ ಮೆಲ್ಲಗೆ ಬಿಚ್ಚಿತು. ಮುಚ್ಚೋದನ್ನು ನಾವೆಲ್ಲ ನೂರು ಸಲ ನೋಡಿದ್ದೆವು. ಬಿಚ್ಚೋದನ್ನು ನೋಡಿದ್ದು ಅವತ್ತೇ ಮೊದಲು.

2. ಪುಡಿಮಣ್ಣಿನ ಗುಳಿ

ಏರಿ ಮೇಲಿನ ಗುಡಿಯ ಸೂರಿನ ಕೆಳಗೆ ಮಳೆ ತಾಗದ ಪುಡಿಮಣ್ಣು ಇದೆ. ಅದರಲ್ಲಿ ಆಲಿಕೆಯ ಹಾಗೆ ಸಣ್ಣ ಸಣ್ಣ ಗುಳಿಗಳು. ಗುಳಿಯ ತಳದಲ್ಲಿ ಒಂದು ಹುಳು ಮಣ್ಣೊಳಗೆ ಅಡಗಿರುತ್ತದೆ. ಇರುವೆ ಜಾರಿ ಬಿದ್ದರೆ ಹತ್ತಲು ಆಗುವುದಿಲ್ಲ. ಹುಳು ಕೆಳಗಿನಿಂದ ಮಣ್ಣು ಎರಚಿ ಅದನ್ನು ಬೀಳಿಸಿ, ಹಿಡಿದು, ರಸ ಹೀರುತ್ತದೆ. ಈ ಹುಳು ಹಿಂದು ಹಿಂದಕ್ಕೆ ನಡೆಯುತ್ತದೆ. ಬೆಳೆದು ರೆಕ್ಕೆ ಬಂದ ಮೇಲೆ ಏರೋಪ್ಲೇನ್ ಚಿಟ್ಟೆಯ ತರಹ ಕಾಣುತ್ತದೆ.

3. ಗೀಜಗನ ಗೂಡು

ಕೆರೆ ಹಿಂದಿನ ಬಾವಿಗೆ ಒಂದು ಜಾಲಿ ಮರ ಬಾಗಿಕೊಂಡಿದೆ. ಅದರಲ್ಲಿ ಗೀಜಗನ ಗೂಡುಗಳು ತೂಗಾಡುತ್ತವೆ. ಮೇಷ್ಟ್ರು ಎಣಿಸಿ ಅಂದರು. ಹನ್ನೊಂದು ಇದ್ದವು. “ಆ ರೆಂಬೆಯಲ್ಲಿ ಬರೀ ಎಳೆ ನೇತಾಡ್ತಿದೆಯಲ್ಲ, ಅಲ್ಲಿದ್ದದ್ದು ಎಲ್ಲಿ?” ಅಂತ ಕೇಳಿದರು. ಯಾರೂ ಮಾತಾಡಲಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಎರಡು ದಿನದ ಹಿಂದೆ ದೋಟಿಯಲ್ಲಿ ಅದನ್ನು ಕಿತ್ತವನು ನಾನೇ. ಶಾಲೆಗೆ ತಂದರೆ ಶಭಾಷ್ ಅಂತಾರೆ ಅಂದುಕೊಂಡಿದ್ದೆ. ಬಿದ್ದ ಗೂಡಿನೊಳಗೆ ಮೂರು ಬಿಳಿ ಮೊಟ್ಟೆ ಇದ್ದವು. ಮೂರೂ ಒಡೆದಿದ್ದವು. ಹಕ್ಕಿ ಕೂಗುತ್ತಾ ಮರ ಸುತ್ತುತ್ತಿತ್ತು. ಹೆದರಿ ಗೂಡನ್ನು ಹಿತ್ತಿಲಲ್ಲಿ ಬಚ್ಚಿಟ್ಟಿದ್ದೆ.

“ನಾನೇ ಸಾರ್” ಅಂದೆ. ಮೇಷ್ಟ್ರು ಹೊಡೆಯಲಿಲ್ಲ. “ದಿನಾ ಸಂಜೆ ಬಂದು ಒಂದು ಗೂಡು ಹೇಗೆ ಕಟ್ತಾವೆ ನೋಡು. ನೋಡಿದ್ದನ್ನು ಬರಿ” ಅಂದರು. ನಾಲ್ಕು ಸಂಜೆ ಏರಿ ಮೇಲೆ ಕೂತೆ.

ಗೂಡು ನೇಯುವುದು ಗಂಡು. ಮಳೆಗಾಲದಲ್ಲಿ ಅದರ ತಲೆ, ಎದೆ ಹಳದಿಯಾಗುತ್ತದೆ. ಭತ್ತದ ಗರಿ, ಹುಲ್ಲಿನ ಗರಿಯನ್ನು ಕೊಕ್ಕಿನಿಂದ ಉದ್ದಕ್ಕೆ ಸೀಳಿ ತರುತ್ತದೆ. ಅರ್ಧ ಗಂಟೆಯಲ್ಲಿ 22 ಸಲ ಬಂದು ಹೋಯಿತು. ಒಂದು ಗೂಡಿಗೆ 500 ಸಲದವರೆಗೂ ಹಾರಬೇಕಾಗುತ್ತದೆ ಎಂದು ಮೇಷ್ಟ್ರು ಹೇಳಿದರು. ಗೂಡು ಅರ್ಧ ಆದಾಗ ಹೆಣ್ಣು ಬಂದು ನೋಡುತ್ತದೆ. ಒಪ್ಪಿದರೆ ಮಾತ್ರ ಗಂಡು ಅದನ್ನು ಪೂರ್ತಿ ಮಾಡಿ, ಕೆಳಕ್ಕೆ ಉದ್ದ ಕೊಳವೆ ಬಾಗಿಲು ಇಡುತ್ತದೆ. ಮೊಟ್ಟೆಗೆ ಕಾವು ಕೊಡುವುದು ಹೆಣ್ಣು.

ಪಕ್ಷಿ ವಿಜ್ಞಾನಿ ಡಾ. ಸಲೀಂ ಅಲಿ (1896-1987) ಅವರೂ 1930ರಲ್ಲಿ ಮುಂಬೈ ಹತ್ತಿರದ ಕಿಹಿಮ್ ಎಂಬ ಊರಿನಲ್ಲಿ ಹೀಗೇ ಕೂತು ಗೀಜಗವನ್ನು ನೋಡಿದ್ದರಂತೆ. ಒಂದೇ ಗಂಡು ಒಂದಾದ ಮೇಲೆ ಒಂದು ಗೂಡು ಕಟ್ಟಿ, ಬೇರೆ ಬೇರೆ ಹೆಣ್ಣುಗಳನ್ನು ಕರೆತರುತ್ತದೆ ಎಂದು ಅವರು ಕಂಡುಹಿಡಿದರು.

ಗೀಜಗ ದೀಪಕ್ಕೆ ಮಿಂಚುಹುಳ ಅಂಟಿಸುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಕಿತ್ತ ಗೂಡನ್ನು ಬಿಡಿಸಿ ನೋಡಿದೆ. ಒಳಗೆ ಹಸಿಮಣ್ಣು ಮೆತ್ತಿ ಒಣಗಿತ್ತು, ಹುಳ ಇರಲಿಲ್ಲ. ಅಜ್ಜಿಗೆ ತೋರಿಸಿದೆ. “ಹೌದಲ್ಲೋ! ಆದರೂ ಹಕ್ಕಿ ಮನೆ ಮುರೀಬಾರದಿತ್ತು ಮಗಾ” ಅಂದರು.

ನಾಲ್ಕನೇ ಸಂಜೆ, ನಾನು ಕಿತ್ತ ರೆಂಬೆಗೇ ಒಂದು ಗಂಡು ಹೊಸ ಎಳೆ ಸುತ್ತುತ್ತಿತ್ತು. ಅದೇ ಹಕ್ಕಿಯೋ ಬೇರೆಯೋ ಗೊತ್ತಿಲ್ಲ. ಕತ್ತಲಾಗುವ ತನಕ ನೋಡಿದೆ. ತುಂಬಾ ಖುಷಿಯಾಯಿತು.

ಆದ್ದರಿಂದ ಗೆಳೆಯರೇ, ಗೂಡು ಬೇಕಾದರೆ ಮಳೆಗಾಲ ಮುಗಿದು ಹಕ್ಕಿಗಳು ಬಿಟ್ಟುಹೋದ ಮೇಲೆ ಕೆಳಗೆ ಬಿದ್ದದ್ದನ್ನು ತನ್ನಿ. ನಾನು ಕಿತ್ತದ್ದು ವಿಜ್ಞಾನದ ಮೂಲೆಯಲ್ಲಿದೆ. “ಇದು ಖಾಲಿ ಇರಲಿಲ್ಲ” ಎಂದು ಚೀಟಿ ಅಂಟಿಸಿದ್ದೇನೆ.

ನೋಡಿ ಉತ್ತರಿಸಿ:
1. ಮುಟ್ಟಿದರೆ ಮುನಿಯ ಎಲೆ ಮತ್ತೆ ಬಿಚ್ಚಲು ಎಷ್ಟು ನಿಮಿಷ ಬೇಕು?
2. ಗೂಡುಗಳು ಜಾಲಿ ಮರದ ಯಾವ ದಿಕ್ಕಿಗೆ ಹೆಚ್ಚು ಇವೆ? ಏಕೆ?

(ಏರಿ ಮೇಲೆ ಕೂತೇ ಉತ್ತರ ಬರೆಯಬೇಕು. ದೋಟಿ ತರಬಾರದು.)

– ಏಳನೇ ತರಗತಿ ವಿದ್ಯಾರ್ಥಿ