ಬಾಕಿ ಟೆಸ್ಟಿಗೆ ಹೆಸರಿಡುವ ಕಲೆ

ವಿಜಯಪುರದ ಜೋರಾಪುರ ಪೇಟೆಯಲ್ಲಿ ಕೂತು ಒಣದ್ರಾಕ್ಷಿ ವ್ಯಾಪಾರಿಯೊಬ್ಬರಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ತಿಕೋಟಾ, ಬಬಲೇಶ್ವರ ಕಡೆಯ ರೈತರ ಮಾಲು ಅಂಗಡಿಗೆ ಬರುತ್ತದೆ. ಹಮಾಲಿ, ದಲಾಲಿ, ಕೋಲ್ಡ್ ಸ್ಟೋರೇಜ್ ಬಾಡಿಗೆ ಕಳೆದು ರೈತನ ಕೈಗೆ ಪಟ್ಟಿ ಹೋಗಬೇಕು.

"ತಿಂಗಳ ನಡುವ ಮಾಲು ತಗದ್ರ ಬಾಡಿಗಿ ಪೂರಾ ಹಚ್ಚೂದೋ, ಅರ್ಧಾನೋ ರೀ?" ಎಂದು ಕೇಳಿದರೆ, "ಅದನ್ನ ಆಮ್ಯಾಲ ನೋಡೂಣು, ಮೊದಲ ಪಟ್ಟಿ ಬರಲಿ" ಎನ್ನುತ್ತಾರೆ ಮಾಲಕರು. ಸುಗ್ಗಿಯಲ್ಲಿ ಅವರಿಗೆ ಪುರುಸೊತ್ತಿಲ್ಲ. ಚೀಟಿಯಲ್ಲಿ ಗೀಚಿಟ್ಟ ಪ್ರಶ್ನೆ ಕಳೆದುಹೋಗುತ್ತದೆ. ಅದನ್ನೇ ಪ್ರೋಗ್ರಾಂನ ಟೆಸ್ಟ್ ಫೈಲಿನಲ್ಲಿ ಟೂಡೂ, ಅಂದರೆ ಬಾಕಿ ಟೆಸ್ಟ್, ಎಂದು ಬರೆದರೆ ಟೆಸ್ಟ್ ಓಡಿಸಿದಾಗಲೆಲ್ಲ ಎದುರಿಗೆ ಬರುತ್ತದೆ.

ಜಾವಾಸ್ಕ್ರಿಪ್ಟ್ ಟೆಸ್ಟ್ ಓಡಿಸುವ ಜೆಸ್ಟ್‌ಗೆ ಈ ಟೂಡೂ ಸೌಲಭ್ಯ ಬಂದದ್ದು 2019ರ 24ನೇ ಆವೃತ್ತಿಯಲ್ಲಿ. ಅಲ್ಲಿ ಟೂಡೂಗೆ ಹೆಸರು ಮಾತ್ರ. ಒಳಗೆ ಕೋಡ್ ಕೊಟ್ಟರೆ ಒಪ್ಪುವುದಿಲ್ಲ. ನೋಡ್ ಜೆಎಸ್‌ನ ಸ್ವಂತ ಟೆಸ್ಟ್ ರನ್ನರ್ ಹಾಗಲ್ಲ: ಕೋಡ್ ಇದ್ದರೆ ಓಡಿಸುತ್ತದೆ, ಫೇಲಾದರೂ ಒಟ್ಟು ಫಲಿತಾಂಶ ಕೆಡಿಸುವುದಿಲ್ಲ. ಟೂಡೂ ಎನ್ನದೆ ಖಾಲಿ ಬಿಟ್ಟ ಟೆಸ್ಟ್ ಎರಡರಲ್ಲೂ ಅಪಾಯ. ಏನನ್ನೂ ಪರೀಕ್ಷಿಸದೆ ಪಾಸಾಗುತ್ತದೆ. ನಮ್ಮೂರಿನ ಬಾರಾ ಕಮಾನ್, ಎರಡನೇ ಅಲಿ ಆದಿಲ್ ಶಾಹನ ಸಮಾಧಿ, ಪೂರ್ತಿಯಾಗಿಲ್ಲವೆಂದು ದೂರದಿಂದಲೇ ಗೊತ್ತಾಗುತ್ತದೆ. ಮುಗಿಯದ ಟೆಸ್ಟೂ ಹಾಗೆ ಕಾಣಬೇಕು.

ಕೆಲಸ ಮಾಡುತ್ತ ತಿಳಿದದ್ದಿಷ್ಟು: ಟೂಡೂಗಳಲ್ಲಿ ಹೆಚ್ಚಿನವು ಕಾಯುತ್ತಿದ್ದದ್ದು ನನ್ನ ಕೋಡಿಗಲ್ಲ, ಮಾಲಕರ ತೀರ್ಮಾನಕ್ಕೆ. ಅದಕ್ಕೇ 'ಬಾಡಿಗೆ ಬಾಕಿ' ಎಂದು ಹೆಸರಿಡದೆ, 'ತಿಂಗಳ ನಡುವೆ ಮಾಲು ತೆಗೆದರೆ ಬಾಡಿಗೆ ಎಷ್ಟು ದಿನದ್ದು?' ಎಂದು ಪ್ರಶ್ನೆಯನ್ನೇ ಬರೆಯುತ್ತೇನೆ. ಸುಗ್ಗಿಯ ಗದ್ದಲ ಇಳಿದ ಮೇಲೆ ಆ ಸಾಲುಗಳನ್ನು ಪ್ರಿಂಟ್ ತೆಗೆದು ಅಂಗಡಿಗೆ ಒಯ್ದರೆ ಒಂದೊಂದಕ್ಕೇ ಉತ್ತರ ಸಿಗುತ್ತದೆ. ಸಿಕ್ಕ ಕೂಡಲೇ ಟೂಡೂ ತೆಗೆದು, ಅವರು ಹೇಳಿದ ಲೆಕ್ಕವನ್ನೇ ಅಂಕಿ ಸಮೇತ ನಿಜವಾದ ಟೆಸ್ಟ್ ಮಾಡುತ್ತೇನೆ. ಮೊದಲು ಅದು ಫೇಲಾಗಬೇಕು, ಕೋಡ್ ಆಮೇಲೆ.

ಟೂಡೂ ಯಾರನ್ನೂ ತಡೆಯುವುದಿಲ್ಲ, ಆದ್ದರಿಂದ ಬೆಳೆಯುತ್ತಲೇ ಹೋಗುತ್ತದೆ. ಎಲ್ಲವನ್ನೂ ಸೊನ್ನೆಗಿಳಿಸುವ ಹಟ ಬೇಡ. ವರದಿಯ ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದು ಮುಂದಿನ ವರ್ಷಕ್ಕೆ ಉಳಿದರೂ ನಡೆದೀತು. ರೈತನ ದುಡ್ಡು ಕಳೆಯುವ ಲೆಕ್ಕದಲ್ಲಿ ಟೂಡೂ ಉಳಿದಿದ್ದರೆ ಮಾತ್ರ ಪ್ರೋಗ್ರಾಂ ತಾನೇ ಊಹಿಸಕೂಡದು. ಉದಾಹರಣೆಗೆ, ತಿಂಗಳ ನಡುವೆ ತೆಗೆದ ಮಾಲು ಬಂದಾಗ ಪಟ್ಟಿಯನ್ನು ತಡೆದು, ಬಾಡಿಗೆಯ ಮೊತ್ತವನ್ನು ಮಾಲಕರ ಕೈಯಿಂದಲೇ ಹಾಕಿಸಿಕೊಳ್ಳಬೇಕು. ಹೀಗೆ ತಡೆಯುತ್ತದೆಯೇ ಎಂದು ನೋಡುವ ಟೆಸ್ಟನ್ನು ನಾನು ಟೂಡೂ ಇಡುವುದಿಲ್ಲ. ಅದನ್ನು ಅವತ್ತೇ ಬರೆದು ಮುಗಿಸುತ್ತೇನೆ.