ಅಜ್ಜಿಯ ಡಬ್ಬಿ, ಹೊಸ ಕ್ಯಾಮೆರಾ: ನಾಣ್ಯದ ಫೋಟೋ ತೆಗೆಯೋದು ಹೇಗೆ?

ನಾವು ಮೂವರು ರೂಮ್‌ಮೇಟ್‌ಗಳು ದುಡ್ಡು ಸೇರಿಸಿ ಒಂದು ಮಿರರ್‌ಲೆಸ್ ಕ್ಯಾಮೆರಾ ತಗೊಂಡ್ವಿ. ಫೆಸ್ಟ್ ಫೋಟೋ ತೆಗೆಯೋ ಪ್ಲ್ಯಾನ್ ಇತ್ತು. ಆದರೆ ಮೊದಲ ಕೆಲಸ ಕೊಟ್ಟಿದ್ದು ನಮ್ಮಲ್ಲೊಬ್ಬನ ಅಜ್ಜಿ. ಅವರ ಹತ್ರ ಹಳೇ ಬಿಸ್ಕತ್ ಡಬ್ಬಿ ತುಂಬ ನಾಣ್ಯಗಳಿವೆ. ಈಗ ಅವರಿಗೆ ಕಣ್ಣು ಮಂಜು. "ಫೋಟೋ ತೆಗೆದು ದೊಡ್ಡದಾಗಿ ತೋರಿಸ್ರೋ, ಯಾವುದ್ಯಾವುದು ಇದೆ ನೋಡ್ಬೇಕು" ಅಂದ್ರು. ಎಷ್ಟು ಸುಲಭ ಅಂದ್ಕೊಂಡ್ವಿ. ಆಗಲಿಲ್ಲ. ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇವೆ.

ಮೊದಲ ಪಾಠ: ನಾಣ್ಯ ತೊಳೀಬೇಡಿ

ಇದನ್ನು ನಾವು ತಪ್ಪು ಮಾಡಿಯೇ ಕಲಿತದ್ದು. ಡಬ್ಬಿಯಲ್ಲಿ ಎರಡು ದಪ್ಪ ತಾಮ್ರದ ಕಾಸುಗಳಿದ್ದವು, ಎರಡೂ ಕಪ್ಪು. ದೇವರ ತಂಬಿಗೆ ಬೆಳಗೋ ಹಾಗೆ ಒಂದಕ್ಕೆ ಹುಣಸೆಹಣ್ಣು ಹಚ್ಚಿ, ಸ್ಕ್ರಬ್ಬರ್‌ನಲ್ಲಿ ಉಜ್ಜಿದ್ವಿ. ಫಳಫಳ ಹೊಳೆಯಿತು. ಫೋಟೋದಲ್ಲಿ ನೋಡಿದರೆ ಗುಲಾಬಿ ಬಣ್ಣದ ಬಿಲ್ಲೆ, ಮೇಲೆಲ್ಲ ಗೀರು. ಅಕ್ಷರ ಇದ್ದ ಜಾಗ ಯಾವುದು ಅಂತಾನೂ ಗೊತ್ತಾಗಲಿಲ್ಲ.

ತಾಮ್ರ ಗಾಳಿಗೆ ಕಪ್ಪಾಗಿ ಉಂಟಾಗುವ ಪದರಕ್ಕೆ ಪಟಿನಾ ಅಂತಾರೆ. ಹುಣಸೆಯ ಆಮ್ಲ ಅದನ್ನು ಕರಗಿಸುತ್ತದೆ. ಆ ಕಪ್ಪು ತಗ್ಗಿನಲ್ಲಿ ಹೆಚ್ಚು, ಉಬ್ಬಿನ ಮೇಲೆ ಕಡಿಮೆ ಇರುವುದರಿಂದಲೇ ಅಕ್ಷರ ಎದ್ದು ಕಾಣೋದು. ಸವೆದ ನಾಣ್ಯಕ್ಕೆ ಉಳಿದಿರೋ ಕಾಂಟ್ರಾಸ್ಟ್ ಅದೊಂದೇ, ನಾವು ಅದನ್ನೇ ತೊಳೆದುಬಿಟ್ಟಿದ್ವಿ. ಅದನ್ನು ಮತ್ತೆ ತರೋಕೆ ಆಗಲ್ಲ. ಉಳಿದದ್ದು ಇನ್ನೊಂದೇ ಕಾಸು.

ಮ್ಯಾಕ್ರೋ ಲೆನ್ಸ್ ಬೇಕಾ?

ಬೇಡ, ಲೆಕ್ಕ ಮಾಡಿ ನೋಡಿ. ನಮ್ಮ 18-55 ಕಿಟ್ ಲೆನ್ಸಿನ ಗರಿಷ್ಠ ಮ್ಯಾಗ್ನಿಫಿಕೇಶನ್ ಸುಮಾರು 0.3. ಡಬ್ಬಿಯಲ್ಲಿದ್ದ ತೂತಿನ ಪೈಸೆ (1943ರಿಂದ 1947ರವರೆಗೆ ಬಂದದ್ದು) ಸುಮಾರು 21 ಮಿ.ಮೀ. ಅಗಲ. ಅಂದರೆ ಸೆನ್ಸರ್ ಮೇಲೆ ಅದರ ಬಿಂಬ 6.3 ಮಿ.ಮೀ. ಎಪಿಎಸ್-ಸಿ ಸೆನ್ಸರಿನ ಎತ್ತರ ಸುಮಾರು 15.6 ಮಿ.ಮೀ., ಅದರಲ್ಲಿ 4000 ಪಿಕ್ಸೆಲ್. ಹಾಗಾದರೆ ನಾಣ್ಯಕ್ಕೆ ಸಿಗೋದು ಸುಮಾರು 1600 ಪಿಕ್ಸೆಲ್. ಲ್ಯಾಪ್‌ಟಾಪ್ ಪರದೆ ತುಂಬೋಕೆ ಧಾರಾಳ ಸಾಕು. ಲೆನ್ಸನ್ನು 55ಕ್ಕೆ ತಿರುಗಿಸಿ, ಫೋಕಸ್ ಆಗುವಷ್ಟು ಹತ್ತಿರ ಇಡಿ.

ಕ್ಯಾಮೆರಾ ಸೆಟ್ಟಿಂಗ್

1. ಟ್ರೈಪಾಡ್ ಮೇಲೆ ಕ್ಯಾಮೆರಾ ಕೆಳಮುಖವಾಗಿರಲಿ. ನಾಣ್ಯ ಇಡುವ ಜಾಗದಲ್ಲಿ ಮೊದಲು ಚಿಕ್ಕ ಕನ್ನಡಿ ಇಡಿ. ಪರದೆಯ ಸರಿಯಾದ ಮಧ್ಯದಲ್ಲಿ ಲೆನ್ಸಿನದೇ ಪ್ರತಿಬಿಂಬ ಕಂಡರೆ ಕ್ಯಾಮೆರಾ ನೇರವಾಗಿದೆ ಅಂತ ಅರ್ಥ. ಇಲ್ಲದಿದ್ದರೆ ನಾಣ್ಯದ ಒಂದು ಅಂಚು ಚೂಪು, ಇನ್ನೊಂದು ಮಸುಕು.

2. ಅಪರ್ಚರ್ ಪ್ರಯಾರಿಟಿ ಮೋಡ್, ಎಫ್/8, ಐಎಸ್‌ಒ 100. ಎಫ್/22ಕ್ಕೆ ಹೋದರೆ ಇನ್ನೂ ಚೂಪಾಗುತ್ತೆ ಅಂತ ನಾವೂ ಅಂದ್ಕೊಂಡಿದ್ವಿ. ಆದರೆ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರ ಮೆತ್ತಗಾಗುತ್ತದೆ. ಮೊದಲ ಸೆಮ್ ಫಿಸಿಕ್ಸ್ ಕೊನೆಗೂ ಉಪಯೋಗಕ್ಕೆ ಬಂತು!

3. ಫೋಕಸ್ ಮ್ಯಾನ್ಯುಯಲ್. ಪರದೆಯಲ್ಲಿ ಜೂಮ್ ಮಾಡಿ ಅಕ್ಷರದ ಅಂಚಿಗೆ ಹೊಂದಿಸಿ. ಶಟರ್ ಒತ್ತಿದ ಅಲುಗಾಟ ತಾಗದಂತೆ 2 ಸೆಕೆಂಡ್ ಟೈಮರ್ ಹಾಕಿ.

4. ಮೀಟರ್‌ಗೆ ಎಲ್ಲವೂ ಮಧ್ಯಮ ಬೂದು ಆಗಬೇಕು. ಬಿಳಿ ಹಾಳೆ ಮೇಲೆ ನಾಣ್ಯ ಇಟ್ಟರೆ ಎಲ್ಲವೂ ಕಪ್ಪಾಗುತ್ತದೆ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಪ್ಲಸ್ 1ರಿಂದ ಶುರು ಮಾಡಿ. ಕಪ್ಪು ಬಟ್ಟೆಯಾದರೆ ಉಲ್ಟಾ, ಮೈನಸ್ ಕಡೆಗೆ ಹೋಗಿ.

5. ವೈಟ್ ಬ್ಯಾಲೆನ್ಸ್ ಆಟೋ ಬೇಡ. ಅದೇ ದೀಪದ ಕೆಳಗೆ ಎ4 ಹಾಳೆ ಇಟ್ಟು ಕಸ್ಟಮ್ ಸೆಟ್ ಮಾಡಿ. ಇಲ್ಲದಿದ್ದರೆ ತಾಮ್ರ ಒಂದು ಫೋಟೋದಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು.

ಬೆಳಕೇ ಮುಖ್ಯ

ಫ್ಲ್ಯಾಶ್ ಬಳಸಬೇಡಿ. ಓದೋ ಟೇಬಲ್ಲಿನ ಎಲ್‌ಇಡಿ ದೀಪ ಸಾಕು. ಕೆಲವು ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ನಮ್ಮ ಕರೆಂಟ್ 50 ಹರ್ಟ್ಸ್ ಅಲ್ವಾ? ವೇಗದ ಶಟರ್‌ನಲ್ಲಿ ಪಟ್ಟೆ ಬರುತ್ತದೆ. 1/10 ಸೆಕೆಂಡಿನಂಥ ನಿಧಾನ ಶಟರ್ ಇದ್ದರೆ ಆ ತೊಂದರೆ ಇಲ್ಲ.

ಹೊಳೆಯುವ ನಾಣ್ಯಕ್ಕೆ ದೀಪದ ಮುಂದೆ ಬಟರ್ ಪೇಪರ್ ಹಿಡಿಯಿರಿ. 1947ರ ಹುಲಿ ಇರೋ ನಿಕ್ಕಲ್ ರೂಪಾಯಿ ಹೀಗೇ ಚೆನ್ನಾಗಿ ಬಂತು. ಸವೆದ ನಾಣ್ಯಕ್ಕೆ ಮಾತ್ರ ಮೃದು ಬೆಳಕು ಕೆಲಸ ಮಾಡಲ್ಲ. ದೀಪವನ್ನು ನಾಣ್ಯದ ಮಟ್ಟಕ್ಕೇ ಇಳಿಸಿ, ಒಂದೇ ಪಕ್ಕದಿಂದ ಬೆಳಕು ಬೀಳಲಿ. ಉಬ್ಬು ಕೂದಲೆಳೆಯಷ್ಟೇ ಇದ್ದರೂ ಉದ್ದ ನೆರಳು ಬೀಳುತ್ತದೆ. ಕಲ್ಲಿನ ಶಾಸನ ನಡುಮಧ್ಯಾಹ್ನಕ್ಕಿಂತ ಇಳಿಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣೋದೂ ಇದಕ್ಕೇ.

ಒಂದು ಎಚ್ಚರಿಕೆ: ಫೋಟೋದಲ್ಲಿ ಬೆಳಕು ಮೇಲಿನಿಂದ ಬಂದಂತಿರಲಿ. ನಮ್ಮ ಮಿದುಳು ಬೆಳಕು ಮೇಲಿಂದಲೇ ಬರುತ್ತೆ ಅಂತ ನಂಬಿಕೊಂಡಿದೆ. ಕೆಳಗಿಂದ ಬಂದರೆ ಉಬ್ಬಿದ ಅಕ್ಷರ ಹಳ್ಳದಂತೆ ಕಾಣುತ್ತದೆ.

ಉಳಿದ ಇನ್ನೊಂದು ಕಾಸು

ಕೊನೆಗೆ ಆ ಎರಡನೇ ಕಪ್ಪು ಕಾಸನ್ನು ತೊಳೆಯದೆ ಇಟ್ಟೆವು. ದೀಪವನ್ನು ಗಡಿಯಾರದ ಮುಳ್ಳಿನಂತೆ ಸುತ್ತ ಸರಿಸುತ್ತ 12 ಫೋಟೋ ತೆಗೆದೆವು. ಹನ್ನೊಂದರಲ್ಲಿ ಏನೂ ಇಲ್ಲ. ಒಂದರಲ್ಲಿ ಯಾವುದೋ ಗೆರೆಗಳು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಮೂವರೂ ಅದನ್ನು ಡಿಸೈನ್ ಅಂದ್ಕೊಂಡ್ವಿ. ಪರದೆ ತುಂಬ ದೊಡ್ಡದು ಮಾಡಿ ಅಜ್ಜಿ ಮುಂದೆ ಇಟ್ಟೆವು. ಅವರು ಮುಖ ಹತ್ತಿರ ತಂದು, ಬೆರಳಲ್ಲಿ ಗೆರೆ ತಿದ್ದುತ್ತಾ ಓದಿದರು: "ಮ... ಯಿ... ಲಿ. ಕಾಸು. ಕನ್ನಡ ಕಣ್ರೋ!"

ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ಮಯಿಲಿ ಕಾಸು. ಆಮೇಲೆ ಹುಡುಕಿದಾಗ ಅದೇ ಮುಖದ ಮೇಲೆ ಇಂಗ್ಲಿಷಿನ "ಕ್ಯಾಶ್" ಕೂಡ ಅರ್ಧ ಸಿಕ್ಕಿತು. ನಮಗೆ ಓದೋಕೆ ಬರ್ತಿದ್ದ ಅಕ್ಷರವೇ ನಮಗೆ ಕಂಡಿರಲಿಲ್ಲ.

"ಇನ್ನೊಂದೂ ಇದೇ ಥರದ್ದಿತ್ತಲ್ಲ, ಅದೆಲ್ಲಿ?" ಅಂತ ಅಜ್ಜಿ ಕೇಳಿದರು. ಹೇಳಿದೆವು. ಬೈಯಲಿಲ್ಲ. ಆ ಹೊಳೆಯುವ ಬಿಲ್ಲೆಯನ್ನೂ ಕೈಯಲ್ಲಿ ತಿರುಗಿಸಿ ನೋಡಿ, ಡಬ್ಬಿಗೇ ಹಾಕಿದರು.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇರಬಹುದು. ಈ ಸಲ ಊರಿಗೆ ಹೋದಾಗ ಕೇಳಿ ನೋಡಿ. ಕ್ಯಾಮೆರಾ ಇಲ್ಲದಿದ್ದರೆ ಫೋನೂ ಒಂದು ದೀಪವೂ ಸಾಕು. ಹುಣಸೆಹಣ್ಣು ಮಾತ್ರ ಸಾರಿಗಿರಲಿ.