ಮೀಥೇನನ್ನುಣ್ಣುವ ಜೀವಿಗಳು

ನೀರು ನಿಂತ ಭತ್ತದ ಗದ್ದೆಯಲ್ಲಿ ಕಾಲಿಟ್ಟೊಡನೆ ಗುಳ್ಳೆಗಳೇಳುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಕೆಸರಿನಲ್ಲಿ ಕೊಳೆತ ಕಸಕಡ್ಡಿಯಿಂದ ಹುಟ್ಟಿದ ಮೀಥೇನ್ ಅನಿಲ ಅವುಗಳಲ್ಲಿದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ಆದರೆ ಹುಟ್ಟಿದ್ದೆಲ್ಲವೂ ಗಾಳಿಗೆ ಸೇರುವುದಿಲ್ಲ. ಬೇರಿನ ಸುತ್ತಲೂ ಮಣ್ಣಿನ ಮೇಲ್ಪದರದಲ್ಲಿಯೂ, ಆಮ್ಲಜನಕ ಸಿಕ್ಕುವೆಡೆ, ಮೀಥೇನನ್ನೇ ಉಂಡು ಬದುಕುವ ಬ್ಯಾಕ್ಟೀರಿಯಗಳಿವೆ. 1906ರಲ್ಲಿ ಹಾಲೆಂಡಿನ ಸೋಂಗನ್ ಎಂಬ ವಿಜ್ಞಾನಿ ಇಂಥದೊಂದನ್ನು ಬೇರ್ಪಡಿಸಿದನು.

ಮೀಥೇನಿನಿಂದ ಮೆಥನಾಲನ್ನು ತಯಾರಿಸಲು ಕಾರ್ಖಾನೆಗಳಿಗೆ ನೂರಾರು ಡಿಗ್ರಿ ಶಾಖ ಬೇಕು. ಈ ಜೀವಿಯಾದರೋ ತಾಮ್ರ ಇಲ್ಲವೆ ಕಬ್ಬಿಣವುಳ್ಳ ಕಿಣ್ವವೊಂದರ ನೆರವಿನಿಂದ ಗದ್ದೆಯ ತಂಪಿನಲ್ಲಿಯೇ ಆ ಕೆಲಸವನ್ನು ಮುಗಿಸುತ್ತದೆ! ಮೆಥನಾಲು ಮುಂದೆ ಫಾರ್ಮಾಲ್ಡಿಹೈಡ್ ಆಗಿ, ಒಂದು ಪಾಲು ಜೀವಿಯ ಮೈಯಾಗುತ್ತದೆ, ಉಳಿದದ್ದು ಶಕ್ತಿಯನ್ನೊದಗಿಸುತ್ತದೆ.

ಆ ಮೈಯಲ್ಲಿ ಪ್ರೋಟೀನು ಹೇರಳ. ಇಂಗ್ಲೆಂಡಿನ ಬಾತ್ ಊರಿನ ಬಿಸಿನೀರಿನ ಬುಗ್ಗೆಯಲ್ಲಿ ದೊರೆತ ತಳಿಯನ್ನು ನಾರ್ವೆಯಲ್ಲಿ ನೈಸರ್ಗಿಕ ಅನಿಲದ ಮೇಲೆ ಬೆಳೆಸಿ ಮೀನಿನ ಮೇವು ಮಾಡಿದ್ದುಂಟು. ನೆಲದಾಳದ ಅನಿಲವನ್ನು ತೋಡಿ ಮೇವು ಮಾಡುವುದಕ್ಕಿಂತ ಊರ ಕಸದ ರಾಶಿಯ ಅನಿಲವನ್ನು ಬಳಸುವುದು ಲೇಸೆಂದು ನನಗೆ ತೋರುತ್ತದೆ.

ಪುಣೆಯ ಅಘಾರಕರ್ ಸಂಶೋಧನಾ ಸಂಸ್ಥೆಯವರು ಭಾರತದ ಗದ್ದೆಯಿಂದಲೇ ಸೌತೆಕಾಯಿಯಾಕಾರದ ಹೊಸ ಜಾತಿಯೊಂದನ್ನು ಬೇರ್ಪಡಿಸಿದ್ದಾರೆ. ಗದ್ದೆಯ ನೀರನ್ನು ನಡುನಡುವೆ ಬಸಿದರೆ ಗಾಳಿ ಒಳಹೊಕ್ಕು ಮೀಥೇನಿನ ಹುಟ್ಟು ಕುಗ್ಗುತ್ತದೆ, ಉಣ್ಣುವ ಜೀವಿಗಳಿಗೂ ಉಸಿರು ದೊರೆಯುತ್ತದೆ. ಕಳೆ ಹೆಚ್ಚೀತೆಂದು ನಮ್ಮ ತಂದೆಯವರು ಇದಕ್ಕೆ ಇನ್ನೂ ಒಪ್ಪಿಲ್ಲ.